ಕನೌಜ್: ಮೊದಲ ಮಳೆಯನ್ನು ಸೀಸೆಗಿಳಿಸುವ ಊರು

ಬಾದಾಮಿಯ ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿ ಕನೌಜ್. ಮುಂದೆ ರಾಷ್ಟ್ರಕೂಟರ ಮೂರನೇ ಇಂದ್ರನ ಸೇನೆ ಆ ಊರೊಳಕ್ಕೇ ನುಗ್ಗಿತು. ಶಾಲೆಯ ಪಾಠದಿಂದ ನಮಗೆ ಗೊತ್ತಿರುವ ಈ ಕನೌಜ್ ಈಗ ಉತ್ತರ ಪ್ರದೇಶದ ಒಂದು ಜಿಲ್ಲಾ ಕೇಂದ್ರ. ಕಾನ್ಪುರದಿಂದ ಸುಮಾರು 80 ಕಿ.ಮೀ. ಸಾಮ್ರಾಜ್ಯ ಹೋಯಿತು, ಅತ್ತರು ಉಳಿಯಿತು.

ಇಲ್ಲಿನ ಬಟ್ಟಿಮನೆಗಳಲ್ಲಿ ಸಾಲಾಗಿ ಒಲೆಗಳು. ಅವುಗಳ ಮೇಲೆ ‘ದೇಗ್’ ಎಂಬ ತಾಮ್ರದ ಹಂಡೆಗಳು. ಹೂವು, ನೀರು ತುಂಬಿ ಮುಚ್ಚಳದ ಸಂದಿಗೆ ಮಣ್ಣು ಮೆತ್ತುತ್ತಾರೆ. ಕೆಳಗೆ ಸೌದೆ, ಬೆರಣಿಯ ಉರಿ. ಆವಿಯು ಬಿದಿರಿನ ಕೊಳವೆಯಲ್ಲಿ ಹಾದು ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿದ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಯುತ್ತದೆ. ಅದರೊಳಗಿನ ಶ್ರೀಗಂಧದ ಎಣ್ಣೆ ಪರಿಮಳವನ್ನು ಹಿಡಿದುಕೊಳ್ಳುತ್ತದೆ. ಉರಿ ಅಳೆಯಲು ಮೀಟರಿಲ್ಲ. ಕೆಲಸಗಾರ ತೊಟ್ಟಿಗೆ ಕೈಯಿಳಿಸಿ ಭಪ್ಕಾದ ಮೈ ಮುಟ್ಟಿ ನೋಡುತ್ತಾನೆ. ಬಿಸಿ ಹೆಚ್ಚಾಯಿತೆನ್ನಿಸಿದರೆ ಕೆಂಡ ಈಚೆಗೆಳೆದು ಹಂಡೆಗೆ ಒದ್ದೆ ಬಟ್ಟೆ ಸುತ್ತುತ್ತಾನೆ. ಹೂವು ಸೀದರೆ ಆ ದಿನದ ದುಡಿಮೆಯೆಲ್ಲ ಹಾಳು.

ಗುಲಾಬಿ, ಮಲ್ಲಿಗೆ, ಲಾವಂಚ ಎಲ್ಲವೂ ಇವೆ. ಆದರೆ ಈ ಊರಿನ ನಿಜವಾದ ಸೋಜಿಗ ಮಿಟ್ಟಿ ಅತ್ತರು. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಮಣ್ಣನ್ನು ತಟ್ಟಿ, ಸುಟ್ಟು, ಹೂವಿನಂತೆಯೇ ಹಂಡೆಗೆ ಹಾಕಿ ಬಟ್ಟಿ ಇಳಿಸುತ್ತಾರೆ. ಮೊದಲ ಮಳೆ ಬಿದ್ದ ಅಂಗಳದ ವಾಸನೆ ಸೀಸೆಗೆ ಬರುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಮಳೆಯ ವಾಸನೆಯ ಮೂಲ ವಿವರಿಸುವಾಗ ಉತ್ತರ ಪ್ರದೇಶದ ಈ ಕಸುಬನ್ನೇ ನೆನೆದಿದ್ದರು. ವಿಜ್ಞಾನ ಕಣ್ಣು ಹಾಯಿಸುವ ಹೊತ್ತಿಗಾಗಲೇ ಕನೌಜ್ ಅದನ್ನು ಮಾರುತ್ತಿತ್ತು.

ಸಂಕಟ ಬಂದದ್ದು ನಮ್ಮ ಕಡೆಯ ಮರದಿಂದ. ದಕ್ಷಿಣದ ಕಾಡುಗಳಲ್ಲಿ ಶ್ರೀಗಂಧ ಬರಿದಾಗಿ ಎಣ್ಣೆಯ ಬೆಲೆ ಕೈಗೆಟುಕದಂತಾದಾಗ ಅನೇಕರು ಪ್ಯಾರಾಫಿನ್‌ಗೆ ಹೊರಳಿದರು. ಪಾನ್ ಮಸಾಲಾ, ತಂಬಾಕಿನ ಉದ್ಯಮವೇ ದೊಡ್ಡ ಗಿರಾಕಿಯಾಯಿತು. ಇಷ್ಟು ನಾಜೂಕಿನ ವಿದ್ಯೆ ಗುಟ್ಕಾದ ನೆರಳಲ್ಲಿ ಬದುಕಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿ.

ಅದಕ್ಕೇ ಈಗಿನ ಬದಲಾವಣೆ ಖುಷಿ ಕೊಡುತ್ತದೆ. ಕನೌಜಿನವರೇ ಕಟ್ಟಿದ ‘ಬೂಂದ್’ ಎಂಬ ಸಂಸ್ಥೆ ಅತ್ತರನ್ನು ಈ ಕಾಲದ ಸೊಗಸಿನಲ್ಲಿ ಹೊಸ ತಲೆಮಾರಿಗೆ ತಲುಪಿಸುತ್ತಿದೆ. ಮುಂಬೈನಲ್ಲಿ 2016ರಲ್ಲಿ ಶುರುವಾದ ‘ಬಾಂಬೆ ಪರ್ಫ್ಯೂಮರಿ’ ತನ್ನ ಸುಗಂಧಗಳನ್ನು ‘ಚಾಯ್ ಮಸ್ಕ್’, ‘ಮದುರೈ ಟಾಕೀಸ್’ ಎಂದು ಕರೆಯಿತು. ಪ್ಯಾರಿಸ್‌ನ ಹೆಸರಿಲ್ಲದೆಯೂ ಸೀಸೆ ಮಾರಾಟವಾಗುತ್ತದೆಂಬ ಧೈರ್ಯ ಅದು. ಆದರೆ ಸೀಸೆ ಎಷ್ಟೇ ಚೆಂದವಾಗಲಿ, ಒಳಗಿನ ಆಧಾರ ಎಣ್ಣೆ ಯಾವುದೆಂದು ಚೀಟಿಯ ಮೇಲೆ ಬರೆಯಲೇಬೇಕು. ಹಂಡೆಯ ಮುಂದೆ ಕೂತವನ ಶ್ರಮಕ್ಕೆ ನ್ಯಾಯವಾದ ಬೆಲೆ ಸಿಗುವುದು ಆಗಲೇ.

ಕನೌಜಿಗೆ ಹೋಗುವುದಾದರೆ ಮುಂಗಾರಿಗೆ ಮುಂಚೆ ಹೋಗಿ. ಆಗ ಮಲ್ಲಿಗೆಯೂ ಇರುತ್ತದೆ, ಮಣ್ಣೂ ಒಲೆಯೇರಿರುತ್ತದೆ. ಬಡಾ ಬಜಾರ್‌ನ ಇಕ್ಕಟ್ಟು ಗಲ್ಲಿಗಳಲ್ಲಿ ಅಂಗಡಿಯವರು ಅತ್ತರನ್ನು ಮುಂಗೈಗೆ ಹಚ್ಚಿ ತೋರಿಸುತ್ತಾರೆ. ಒಡನೆಯೇ ಕೊಳ್ಳಬೇಡಿ. ಗಂಧದೆಣ್ಣೆಯದೋ ಪ್ಯಾರಾಫಿನ್‌ದೋ ಎಂದು ಕೇಳಿ, ಬಜಾರು ಸುತ್ತಿ ಬಂದು ಮತ್ತೆ ಮೂಸಿ ನೋಡಿ, ಆಮೇಲೆ ದುಡ್ಡು ಕೊಡಿ.