ಪೈಸೆ ರೌಂಡ್ ಮಾಡೋದು ಕೊನೆಗೆ, ಒಂದೇ ಸಲ

ಚಿತ್ತಾಕುಲದಿಂದ ಕಾಳಿ ಸೇತುವೆ ದಾಟಿ ಕಾರವಾರ ಪೇಟೆಗೆ ಮಾಲು ಒಯ್ದರೆ ಲೆಕ್ಕದ ಹೊತ್ತಿಗೆ ಕೇಳಿಬರುವ ಮಾತು ಗೊತ್ತಲ್ಲ: "ಚಿಲ್ಲರೆ ಬಿಡಿ, ರೌಂಡ್ ಮಾಡೋಣ." ಒಂದೆರಡು ರೂಪಾಯಿಗೆ ಜಗಳ ಬೇಡ. ಆದರೆ ಲೆಕ್ಕದ ಯಾವ ಹಂತದಲ್ಲಿ ರೌಂಡ್ ಮಾಡ್ತೀರಿ ಅನ್ನೋದು ಮುಖ್ಯ.

ಅಂಕೋಲೆಯ ಕರಿ ಇಶಾಡ ಮಾವನ್ನೇ ತಗೊಳ್ಳಿ. ಉದಾಹರಣೆಗೆ, ಡಜನ್‌ಗೆ 250 ರೂಪಾಯಿಯಂತೆ 600 ಹಣ್ಣು ಮಾರಿದಿರಿ. 50 ಡಜನ್, ಒಟ್ಟು 12,500 ರೂಪಾಯಿ. ಈಗ ಒಂದು ಹಣ್ಣಿನ ಲೆಕ್ಕ ಹಾಕಿ: 20.8333... ಇದನ್ನು 20.83 ಅಂತ ಬರೆದುಕೊಂಡರೆ ಒಟ್ಟು 12,498. ಹೋಗಿದ್ದು ಎರಡೇ ರೂಪಾಯಿ. "ಹಣ್ಣಿಗೆ 20 ಹಿಡಿಯೋಣ" ಅಂದರೆ 12,000. ಪೂರಾ 500 ರೂಪಾಯಿ ಹೋಯ್ತು!

ತೂಕದಲ್ಲೂ ಹೀಗೇ. 48.350 ಕಿಲೋ ತೆಂಗಿನಕಾಯಿ, ಕಿಲೋಗೆ 56.50 ರೂಪಾಯಿ ಆದರೆ 2,731.775 ಆಗುತ್ತೆ. ಪೈಸೆಗೆ ಸರಿಮಾಡಿದರೆ 2,731.78. ತೂಕವನ್ನೇ 48 ಕಿಲೋ ಅಂತ ಹಿಡಿದರೆ 2,712 ಮಾತ್ರ. ನಾನೂ ಮೊದಲ ವರ್ಷ ಹೀಗೇ ಪ್ರತಿ ತೂಕದಲ್ಲಿ "ಮೇಲಿನ ಗ್ರಾಂ" ಬಿಟ್ಟುಕೊಟ್ಟೆ. ಯಾರೂ ಮೋಸ ಮಾಡಿರಲಿಲ್ಲ, ನಾನೇ ಲೆಕ್ಕ ಹಾಕಿರಲಿಲ್ಲ.

ನೆನಪಿಡಬೇಕಾದ್ದು ಮೂರು:

1. ದರ, ತೂಕ ಇದ್ದಹಾಗೇ ಇರಲಿ. ಒಟ್ಟು ಮೊತ್ತವನ್ನು ಮಾತ್ರ ರೌಂಡ್ ಮಾಡಿ.

2. ಪೈಸೆಗೆ ತರುವಾಗ ಮೂರನೇ ದಶಮಾಂಶ ಅಂಕೆ 5 ಅಥವಾ ಹೆಚ್ಚಿದ್ದರೆ ಒಂದು ಪೈಸೆ ಮೇಲೆ, ಕಡಿಮೆ ಇದ್ದರೆ ಅಲ್ಲಿಗೇ ಬಿಡಿ. ರೂಪಾಯಿಗೂ ಹಾಗೇ: 50 ಪೈಸೆಯಿಂದ ಮೇಲೆ, ಕಡಿಮೆಯಾದರೆ ಕೆಳಗೆ. ಯಾವಾಗಲೂ ಕೆಳಗೇ ಇಳಿಸಿದರೆ ಅದು ರೌಂಡ್ ಅಲ್ಲ, ಕಡಿತ.

3. ಎರಡು ಸಲ ರೌಂಡ್ ಬೇಡ. 499.496 ರೂಪಾಯಿಯನ್ನು ನೇರವಾಗಿ ರೂಪಾಯಿಗೆ ತಂದರೆ 499. ಮೊದಲು 499.50 ಮಾಡಿ ಆಮೇಲೆ ತಂದರೆ 500!

ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ ಎರಡೇ ದಶಮಾಂಶ ಕಾಣುವಂತೆ ಇಟ್ಟರೂ ಒಳಗೆ ಉಳಿದ ಅಂಕೆಗಳು ಇದ್ದೇ ಇರ್ತವೆ. ಅದಕ್ಕೇ ಕೆಲವೊಮ್ಮೆ ಕಾಣುವ ಸಾಲುಗಳನ್ನು ಕೂಡಿದರೆ ಮೊತ್ತಕ್ಕೆ ತಾಳೆ ಆಗಲ್ಲ. ಪ್ರತಿ ಬಿಲ್ಲಿನ ಮೊತ್ತಕ್ಕೆ ರೌಂಡ್ ಫಾರ್ಮುಲಾ ಹಾಕಿ, ದಶಮಾಂಶ 2 ಅಂತ ಕೊಡಿ.

ನಾಲ್ಕಾಣೆ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಎಂಟಾಣೆ ಇನ್ನೂ ಕಾನೂನುಬದ್ಧ, ಪೇಟೆಯಲ್ಲಿ ಕಾಣೋದು ಅಪರೂಪ. ಹಾಗಾಗಿ ನಗದಾದರೆ ರೂಪಾಯಿಗೆ ರೌಂಡ್ ಮಾಡಲೇಬೇಕು. ಯುಪಿಐನಲ್ಲಿ ಪೈಸೆಯನ್ನೂ ಕಳಿಸಬಹುದು, "ಚಿಲ್ಲರೆ ಇಲ್ಲ" ಅನ್ನೋ ಮಾತೇ ಬರಲ್ಲ.

ಮುಂದಿನ ಸಲ ಚೀಟಿ ಬರೆಯುವಾಗ ಕೊನೆಯ ಸಾಲಿನಲ್ಲಿ "ರೌಂಡ್ ಆಫ್" ಅಂತ ಬೇರೆಯೇ ಬರೆಸಿ. ಎಷ್ಟು ಬಿಟ್ಟಿರಿ ಅಂತ ಸೀಸನ್ ಮುಗಿದಾಗ ನಿಮಗೇ ಗೊತ್ತಾಗುತ್ತೆ.