ಕಾಪಿಯೋ ಮೌಂಟೋ: ಕಂಟೇನರ್ ಹೊಕ್ಕ ಕಡತದ ಕಥೆ

ತಂತ್ರಾಂಶವನ್ನು ಬಳಕೆಗೆ ಬಿಡುವ ಮುನ್ನ ಡೇಟಾಬೇಸ್ ಮುಂತಾದವುಗಳೊಂದಿಗೆ ಕೂಡಿಸಿ ಪರೀಕ್ಷಿಸಬೇಕಾಗುತ್ತದೆ. ಬೆಂಗಳೂರಿನ ಜೆ.ಪಿ. ನಗರ, ಬನ್ನೇರುಘಟ್ಟ ರಸ್ತೆಯ ಕಚೇರಿಗಳಲ್ಲಿ ಇಂದು ಇದಕ್ಕೆ ಬಳಕೆಯಾಗುವುದು ಕಂಟೇನರ್, ಅಂದರೆ ಒಂದೇ ಕಂಪ್ಯೂಟರಿನಲ್ಲಿದ್ದೂ ತನ್ನದೇ ಕಡತವ್ಯವಸ್ಥೆಯೊಂದಿಗೆ ಪ್ರತ್ಯೇಕವಾಗಿ ನಡೆಯುವ ಆವರಣ. ಹೊರಗಿನ ಕಡತವನ್ನು ಅದಕ್ಕೆ ಒದಗಿಸಲು ಎರಡು ದಾರಿಗಳಿವೆ: ಮೌಂಟ್ ಮಾಡಿದ ಕಡತ ಹೊರಗೇ ಉಳಿದು ಒಳಗಿನಿಂದ ಕಾಣುತ್ತದೆ. ಕಾಪಿ ಮಾಡಿದರೆ ಅದರ ಪ್ರತಿಯೇ ಒಳಸೇರುತ್ತದೆ.

ಕಂಟೇನರಿಗೆ ತಳಹದಿಯಾದ, ಪ್ರಕ್ರಿಯೆಯೊಂದಕ್ಕೆ ಬೇರೆಯದೇ ಮೂಲ ಕಡತಕೋಶವನ್ನು ತೋರಿಸುವ ಉಪಾಯ 1979ರ ಯುನಿಕ್ಸ್ 7ನೇ ಆವೃತ್ತಿಯಷ್ಟು ಹಳೆಯದು. ಪ್ರಕ್ರಿಯೆಗಳಿಗೆ ಬೇರೆಬೇರೆ ಮೌಂಟ್ ಪಟ್ಟಿ ಕೊಡುವ ಸೌಲಭ್ಯ ಲಿನಕ್ಸ್‌ಗೆ 2002ರಲ್ಲಿ ಬಂದಿತು. ಕಂಟೇನರಿನ ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಪಾಲೂ ಇದೆ: ಐಬಿಎಂನ ಇಲ್ಲಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಭರತ ಬಿ. ರಾವ್ ಅವರು 2007ರಲ್ಲಿ ಯಾನ್ ಬ್ಲಂಕ್ ಅವರೊಂದಿಗೆ, ಹಲವು ಕಡತವ್ಯವಸ್ಥೆಗಳನ್ನು ಒಂದರ ಮೇಲೊಂದು ಹಾಸಿ ಒಂದಾಗಿ ತೋರಿಸುವ ಯೂನಿಯನ್ ಮೌಂಟ್ ಅನ್ನು ರೂಪಿಸಲು ಶ್ರಮಿಸಿದರು. ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಲಿಲ್ಲ. ಅದೇ ಉದ್ದೇಶದ ಓವರ್‌ಲೇ 2014ರಲ್ಲಿ ಸೇರಿತು.

2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಕಂಟೇನರನ್ನು ಮನೆಮಾತಾಗಿಸಿತು. ಹೊರಗಿನ ಕಡತವನ್ನು ಕಂಟೇನರಿಗೆ ಕಾಪಿ ಮಾಡುವ ಆಜ್ಞೆ ಅದಕ್ಕೆ ದೊರೆತದ್ದು 2015ರಲ್ಲಿ. ಅಲ್ಲಿಯವರೆಗೆ ಒಳಗಿನಿಂದ ಹೊರಕ್ಕೆ ಮಾತ್ರ ಸಾಧ್ಯವಿದ್ದುದರಿಂದ, ಮೌಂಟ್ ಮಾಡುವ ರೂಢಿ ಬೇರೂರಿದ್ದರಲ್ಲಿ ಅಚ್ಚರಿಯಿಲ್ಲ.

ತೊಡಕಿರುವುದು ಕಡತದ ವಿಳಾಸದಲ್ಲಿ. ಬಡಾವಣೆಯ ಹೆಸರಿಲ್ಲದೆ '4ನೇ ಅಡ್ಡರಸ್ತೆ' ಎಂದರೆ ಅದು ಜಯನಗರದ್ದೋ ಬನಶಂಕರಿಯದ್ದೋ ತಿಳಿಯದಂತೆ, ಮೌಂಟ್‌ಗೆ ಕೊಟ್ಟ ವಿಳಾಸಕ್ಕೆ ಅರ್ಥ ಬರುವುದು ಡಾಕರ್ ಸೇವೆ ನಡೆಯುತ್ತಿರುವ ಕಂಪ್ಯೂಟರಿನಲ್ಲಿ ಮಾತ್ರ. ಬಿ.ಟಿ.ಎಂ. ಲೇಔಟ್‌ನ ಕೋಣೆಯಲ್ಲಿ ಕುಳಿತವರ ಲ್ಯಾಪ್‌ಟಾಪಿನಲ್ಲಿ ಕಡತವಿದ್ದು, ಡಾಕರ್ ದೂರದ ಸರ್ವರಿನಲ್ಲಿದ್ದರೆ, ಮೌಂಟ್ ಮಾಡುವ ಹಳೆಯ '-ವಿ' ಆಯ್ಕೆ ದೋಷವನ್ನೂ ತಿಳಿಸದೆ ಆ ವಿಳಾಸದಲ್ಲಿ ಖಾಲಿ ಕಡತಕೋಶವೊಂದನ್ನು ಸೃಷ್ಟಿಸಿ ಅದನ್ನೇ ಮೌಂಟ್ ಮಾಡುತ್ತದೆ. ಕೋಷ್ಟಕಗಳನ್ನು ರಚಿಸಬೇಕಾದ ಕಡತ ಸಿಗದೆ ಡೇಟಾಬೇಸ್ ಬರಿದಾಗಿಯೇ ಏಳಬಹುದು, ಆಗ ಪರೀಕ್ಷೆ ಸೋತು ತಪ್ಪು ಮಾತ್ರ ಬೇರೆಲ್ಲೋ ಇದ್ದಂತೆ ತೋರುತ್ತದೆ. ಇನ್ನೊಂದು ಕಿರಿಕಿರಿಯೂ ಉಂಟು: ಲಿನಕ್ಸ್‌ನಲ್ಲಿ ಕಂಟೇನರ್ ರೂಟ್ ಅಧಿಕಾರದಿಂದ ಬರೆದ ಕಡತಗಳು ಮೌಂಟ್ ಮಾಡಿದ ಜಾಗದಲ್ಲಿ ಉಳಿದು, ಸಾಮಾನ್ಯ ಬಳಕೆದಾರ ಅಳಿಸಹೋದರೆ ಹಲವೊಮ್ಮೆ ಅಳಿಯುವುದಿಲ್ಲ.

ಕಾಪಿಯಲ್ಲಿ ಕಡತ ಟಾರ್ ಎಂಬ ರೂಪದ ಕಟ್ಟಾಗಿ, ಡಾಕರ್ ಸೇವೆಗೆ ಆಜ್ಞೆ ಕೊಡುವ ಎಪಿಐ ಮೂಲಕವೇ ಸಾಗುವುದರಿಂದ ಸೇವೆ ಎಲ್ಲಿದ್ದರೂ ತಲುಪುತ್ತದೆ; ಕಂಟೇನರ್ ಅಳಿದಾಗ ಪ್ರತಿಯೂ ಅಳಿಯುತ್ತದೆ. ಪರೀಕ್ಷೆಗಾಗಿಯೇ ಕಂಟೇನರುಗಳನ್ನು ಎಬ್ಬಿಸುವ ಟೆಸ್ಟ್‌ಕಂಟೇನರ್ಸ್ ಎಂಬ ಮುಕ್ತ ತಂತ್ರಾಂಶವೂ ಕಾಪಿಯನ್ನೇ ಶಿಫಾರಸು ಮಾಡುತ್ತದೆ. ಕೋಡ್ ತಿದ್ದಿದೊಡನೆ ಫಲ ನೋಡಬೇಕಾದ ಅಭಿವೃದ್ಧಿಯ ಹಂತದಲ್ಲಿ ಮೌಂಟ್‌ಗೆ ಸಾಟಿಯಿಲ್ಲ, ಆದರೆ ಹಲವು ಕಂಪ್ಯೂಟರುಗಳಲ್ಲಿ ಓಡಬೇಕಾದ ಪರೀಕ್ಷೆಗೆ ಕಾಪಿಯೇ ಸರಿ.