ಕೋವಿಗೆ ತಕ್ಕ ಮದ್ದು

ಕನ್ನಡದ ಕೆಲವು ಮಾತುಗಳು ಒಂದೇ ಮೈಯಲ್ಲಿ ಎರಡು ಮೂರು ಜೀವಗಳನ್ನು ಇಟ್ಟುಕೊಂಡಿರುತ್ತವೆ. ‘ಮದ್ದು’ ಎಂಬುದು ಅಂತಹದೊಂದು ಮಾತು. ರೋಗಿಗೆ ಅರೆದು ಕುಡಿಸುವುದೂ ಮದ್ದೇ. ಆಗದವರ ಅನ್ನದಲ್ಲಿ ಗುಟ್ಟಾಗಿ ಬೆರೆಸುವುದೂ ಮದ್ದೇ. ಕೋವಿಯ ನಳಿಗೆಗೆ ತುಂಬುವುದೂ ಮದ್ದೇ. ಹಿರಿಯರು ಈ ಮೂರನ್ನೂ ಒಂದೇ ಹೆಸರಿನಿಂದ ಕರೆದುದು ಪದಗಳ ಬಡತನದಿಂದ ಅಲ್ಲವೆಂದು ನನ್ನ ನಂಬಿಕೆ. ಮೂರರ ಗುಣದೋಷಗಳೂ ನಿಂತಿರುವುದು ಅಳತೆಯ ಮೇಲೆ, ಮತ್ತು ಯಾವುದಕ್ಕೆ ಯಾವುದು ತಕ್ಕುದೆಂಬ ವಿವೇಕದ ಮೇಲೆ.

ನಮ್ಮ ಶಿರಾ ಸೀಮೆಗೆ ಕೋವಿಯ ಮದ್ದು ಹೊಸದಲ್ಲ. 1687ರಲ್ಲಿ ಮೊಗಲರು ಇದನ್ನು ತಮ್ಮ ಸುಬೆಯ ರಾಜಧಾನಿಯನ್ನಾಗಿ ಮಾಡಿಕೊಂಡರು. 1757ರಲ್ಲಿ ಮರಾಠರು ಬಂದರು. 1761ರಲ್ಲಿ ಹೈದರಾಲಿಗೆ ‘ಶಿರಾದ ನವಾಬ’ನೆಂಬ ಪದವಿ ದೊರೆಯಿತು. ಹಿರಿಯೂರಿನ ಮೇಲೆ ಚಿತ್ರದುರ್ಗಕ್ಕೆ ಹೋದವರು ಅಲ್ಲಿನ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ಭಾರಿ ಕಲ್ಲುಗಳನ್ನು ಇಂದಿಗೂ ನೋಡಬಹುದು. ಪೆಟ್ಲುಪ್ಪು, ಗಂಧಕ, ಇದ್ದಲು—ಈ ಮೂರು ಒಂದರೊಳಗೊಂದು ಬೆರೆತು ಹೋಗಬೇಕಾದರೆ ಎಷ್ಟು ಅರೆಯಬೇಕಾಗಿತ್ತೆಂಬುದಕ್ಕೆ ಆ ಕಲ್ಲುಗಳ ಗಾತ್ರವೇ ಸಾಕ್ಷಿ.

ಆದರೆ ಅರೆದ ಮಾತ್ರಕ್ಕೆ ಕೋವಿಯ ಮದ್ದು ಒಳ್ಳೆಯದಾಗುವುದಿಲ್ಲ. ನುಣ್ಣನೆಯ ಹುಡಿಯನ್ನು ನಳಿಗೆಯಲ್ಲಿ ಜಡಿದರೆ ಅದು ಒತ್ತಾಗಿ ಕೂರುತ್ತದೆ. ಉರಿ ಹರಿಯಲು ಎಡೆಯಿರುವುದಿಲ್ಲ. ಒಂದು ಈಡು ಮಂದ, ಮತ್ತೊಂದು ರಭಸ. ಅದೇ ಮದ್ದನ್ನು ಕಾಳು ಕಾಳಾಗಿ ಮಾಡಿದಾಗ ಕಾಳುಗಳ ನಡುವಣ ಸಂದಿನಲ್ಲಿ ಉರಿ ಒಂದೇ ಸಮನಾಗಿ ಓಡುತ್ತದೆ. ಕಾಳಿನ ದಪ್ಪವನ್ನು ಪಾಶ್ಚಾತ್ಯರು ‘ಎಫ್’ ಅಕ್ಷರದಿಂದ ಗುರುತಿಸುವರು. ಅಕ್ಷರ ಹೆಚ್ಚಿದಂತೆ ಕಾಳು ಸಣ್ಣದು. ಒಂದು ಎಫ್ ಬಹಳ ಅಗಲವಾದ ನಳಿಗೆಗೆ. ಎರಡು ಎಫ್ ಅರ್ಧ ಅಂಗುಲ ಮತ್ತು ಅದಕ್ಕೂ ಅಗಲವಾದ ಕೋವಿಗೆ. ಮೂರು ಎಫ್ ಕಿರಿದಾದ ನಳಿಗೆಗೆ, ಪಿಸ್ತೂಲಿಗೆ. ನಾಲ್ಕು ಎಫ್ ಚಕಮಕಿ ಕೋವಿಯಲ್ಲಿ ಕಿಡಿ ಬೀಳುವ ಬಟ್ಟಲಿಗೆ ಮಾತ್ರ.

ಈಗ ಇದೆಲ್ಲ ಏತಕ್ಕೆಂದು ವಾಚಕರು ಕೇಳಬಹುದು. ಬಾಯಿಯಿಂದ ಮದ್ದು ತುಂಬುವ ಕೋವಿ ವಸ್ತುಸಂಗ್ರಹಾಲಯವನ್ನು ಸೇರಿಬಿಟ್ಟಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಸೆಕ್ಷನ್ನು, ನಿಜವಾಗಿ ಬೆಳೆಯ ರಕ್ಷಣೆಗಾಗಿ ಬಳಸುವ ಇಂತಹ ಕೋವಿಯನ್ನು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಕಾಡುಹಂದಿಗೆ ಹೆದರಿ ಕಡಲೆಕಾಯಿಯ ಹೊಲದಲ್ಲಿ ರಾತ್ರಿ ಕಳೆಯುವ ರೈತನಿಗೆ ಅದು ಇಂದಿನ ಸಂಗತಿ.

ನಾನು ಕೋವಿ ಹಿಡಿದವನಲ್ಲ, ಹಳಗನ್ನಡ ಪಾಠ ಹೇಳುವವನು. ಮದ್ದಿನ ವಿಚಾರವನ್ನು ನಾನು ಕೇಳಿ ತಿಳಿದದ್ದು ಲೈಸೆನ್ಸು ಇರುವ ವೃದ್ಧ ರೈತರೊಬ್ಬರಿಂದ. ಮದ್ದು ಹೆಚ್ಚಾದಷ್ಟೂ ಗುಂಡು ದೂರ ಹೋಗುವುದಲ್ಲವೆ ಎಂದುದಕ್ಕೆ ಅವರು, “ಹೆಚ್ಗೆ ಹಾಕಿದ್ರೆ ಗುರಿ ಕೆಡ್ತೈತೆ ಮೇಷ್ಟ್ರೆ, ಇನ್ನೂ ಹೆಚ್ಗೆ ಹಾಕಿದ್ರೆ ಕೈಯೇ ಹೋಗ್ತೈತೆ” ಎಂದರು. ಶಾಸ್ತ್ರವೂ ಇದನ್ನೇ ಹೇಳುತ್ತದೆ. ಒಂದು ಮಿತಿಯನ್ನು ದಾಟಿದ ಮದ್ದು ಪೂರ್ತಿ ಉರಿಯದೆ ಹೊರಬೀಳುತ್ತದೆ; ಹೆಗಲಿಗೆ ಒದೆತ ಹೆಚ್ಚು, ಗುರಿ ಕಡಿಮೆ. ಪ್ರತಿಸಲವೂ ಅದೇ ಅಳತೆ, ಅದೇ ಬಲದ ಜಡಿತ—ಗುರಿಯ ಗುಟ್ಟು ಇಷ್ಟೆ. ಗುಂಡು ಮದ್ದಿನ ಮೇಲೆಯೇ ಕೂತಿರಬೇಕು. ನಡುವೆ ತೆರಪು ಉಳಿದರೆ ನಳಿಗೆ ಉಬ್ಬೀತು, ಒಡೆದೀತು. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಲಾಗದು. ಒಳಗೆ ಉಳಿದ ಒಂದು ಕಿಡಿ ಕೊಂಬನ್ನೇ ಸಿಡಿಸೀತು. ಬೇರೆ ಅಳತೆಯ ಪಾತ್ರೆಯೇ ಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಇಂದಿನ ತೋಟಾಗಳಲ್ಲಿರುವುದು ಆ ವಂಶದ ಮದ್ದು. ಅದರ ಒತ್ತಡವನ್ನು ಕಪ್ಪು ಮದ್ದಿಗೆಂದು ಮಾಡಿದ ಹಳೆಯ ನಳಿಗೆ ತಾಳಲಾರದು. ತೋಟಾ ಬಿಚ್ಚಿ ತೆಗೆದ ಮದ್ದಾಗಲಿ, ಪಟಾಕಿಯ ಪುಡಿಯಾಗಲಿ, ಕಲ್ಲುಗಣಿಯ ಸಿಡಿಮದ್ದಾಗಲಿ ಈ ಕೋವಿಯೊಳಕ್ಕೆ ಎಂದಿಗೂ ಹೋಗಕೂಡದು. ನಾಲ್ಕು ಕಾಸು ಉಳಿಸಹೋಗಿ ಬೆರಳನ್ನೋ ಕಣ್ಣನ್ನೋ ತೆರಬೇಕಾದೀತು. ಲೈಸೆನ್ಸುಳ್ಳ ಅಂಗಡಿಯಲ್ಲಿ ಕೊಂಡ, ಕಾರ್ಖಾನೆಯಲ್ಲಿ ತಯಾರಾದ ಕಪ್ಪು ಮದ್ದೊಂದೇ ಅದಕ್ಕೆ ಪಥ್ಯ.

ಕಪ್ಪು ಮದ್ದಿಗೂ ದೋಷವಿಲ್ಲದಿಲ್ಲ. ಉರಿದ ಮೇಲೆ ಅದರ ಅರ್ಧಕ್ಕೂ ಹೆಚ್ಚು ಪಾಲು ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬಳಸಿದ ದಿನವೇ ನಳಿಗೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಮುಂದಿನ ಈಡಿಗೆ ಗುರಿಯೂ ಇಲ್ಲ, ಭದ್ರತೆಯೂ ಇಲ್ಲ.

ಇನ್ನೊಂದು ಮಾತು. ಮಧುಗಿರಿಯ ಕಡೆಯ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತವೆ. 2007ರಿಂದ ಅದು ಅವುಗಳ ಸಂರಕ್ಷಿತ ಪ್ರದೇಶ. ಅವು ಹೊಲಕ್ಕೂ ಇಳಿಯುತ್ತವೆ. ಬೆಳೆ ಕಾಯುವ ಲೈಸೆನ್ಸು ಅವುಗಳನ್ನು ಕೊಲ್ಲುವ ಅಪ್ಪಣೆಯಲ್ಲ. 1972ರ ವನ್ಯಜೀವಿ ಕಾಯಿದೆ ಅದನ್ನು ನಿಷೇಧಿಸಿದೆ. ಆ ವೃದ್ಧರು ಬಹುಪಾಲು ರಾತ್ರಿಗಳಲ್ಲಿ ಗುಂಡನ್ನೇ ಹಾಕುವುದಿಲ್ಲವಂತೆ. ಅಳತೆಯ ಮದ್ದು, ಮೇಲೊಂದು ಬಟ್ಟೆಯ ತುಂಡು, ಆಕಾಶದತ್ತ ಒಂದು ಈಡು. ಹಂದಿ ಓಡುತ್ತದೆ, ಜಿಂಕೆ ಓಡುತ್ತದೆ, ಕಡಲೆಕಾಯಿ ಉಳಿಯುತ್ತದೆ. ಮದ್ದು ಅಲ್ಲಿ ತನ್ನ ಮೊದಲನೆಯ ಅರ್ಥಕ್ಕೆ ಬಹಳ ಹತ್ತಿರವಾಗುತ್ತದೆ.